ಹಕೀಮನ ಹೊಣೆ: ವೈದ್ಯ ಮತ್ತು ನಾಯಕತ್ವ

(ಶಿವಮೊಗ್ಗ ನಗರದಲ್ಲಿ ಯುವ ವೈದ್ಯರ ಹಾಗೂ ವೈದ್ಯ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



 

ವೈದ್ಯನಲ್ಲಿ ನಾಯಕತ್ವದ ಗುಣಗಳನ್ನು ಬೆಳೆಸುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡುವಂತೆ ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ಸ್ಟೆತಸ್ಕೋಪನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದ ಪತ್ರಕರ್ತನೊಬ್ಬ ವೈದ್ಯರಿಗೆ ಉಪದೇಶಿಸುವುದು ಸೋಜಿಗದ ಸಂಗತಿಯೇ. ಆದರೆ ವೈದ್ಯರು ಆಸ್ಪತ್ರೆಯನ್ನು ಒಳಗಿನಿಂದ ನೋಡುತ್ತಾರೆ. ನಮ್ಮಂಥವರು ಅದನ್ನು ಚೀಟಿ ಹಿಡಿದು ನಿಂತ ಸಾಲಿನಿಂದ ನೋಡುತ್ತೇವೆ. ಆ ಸಾಲಿನಿಂದ ಕಾಣುವುದನ್ನು ಹೇಳಲು ನನಗೆ ಅನುಮತಿ ಇದೆ ಎಂದು ಭಾವಿಸುತ್ತೇನೆ.

ನಾಯಕತ್ವ ಎಂಬ ಪದ ನಮ್ಮಲ್ಲಿ ಬಹಳ ಸವೆದುಹೋಗಿದೆ. ವೇದಿಕೆ, ಹಾರ, ಶಾಲು, ವೃತ್ತಗಳಲ್ಲಿ ಕಟ್ಟುವ ಫ್ಲೆಕ್ಸ್, ಸಂಘದ ಅಧ್ಯಕ್ಷ ಪದವಿ ಇವುಗಳನ್ನೇ ನಾಯಕತ್ವವೆಂದು ನಾವು ತಿಳಿದಿದ್ದೇವೆ. ವೈದ್ಯರೂ ಇದಕ್ಕೆ ಹೊರತಲ್ಲ. ನಾಲ್ಕು ಸಂಘಗಳಿಗೆ ಅಧ್ಯಕ್ಷರಾಗಿದ್ದು, ತಮ್ಮದೇ ಕ್ಲಿನಿಕ್ಕಿನ ಕಾಂಪೌಂಡರ್ ಹೆಸರನ್ನು ನೆನಪಿಟ್ಟುಕೊಳ್ಳದವರೂ ಇದ್ದಾರೆ. ನಾನು ಹೇಳಹೊರಟಿರುವುದು ಅಂಥ ನಾಯಕತ್ವದ ಬಗ್ಗೆ ಅಲ್ಲ. ವೈದ್ಯನು ನಾಯಕನಾಗಬೇಕೇ ಬೇಡವೇ ಎಂಬ ಆಯ್ಕೆ ವೈದ್ಯನ ಮುಂದೆ ಇಲ್ಲವೇ ಇಲ್ಲ. ಇಪ್ಪತ್ತಮೂರರ ಹರೆಯದ ಹೌಸ್‌ಸರ್ಜನ್ ಒಬ್ಬಳು ರಾತ್ರಿ ಎರಡು ಗಂಟೆಗೆ ವಾರ್ಡಿಗೆ ಕಾಲಿಟ್ಟರೆ, ಅವಳ ತಾಯಿಯ ವಯಸ್ಸಿನ ದಾದಿ, ತಂದೆಯ ವಯಸ್ಸಿನ ವಾರ್ಡ್ ಬಾಯ್, ಭಯದಿಂದ ಕಂಗೆಟ್ಟ ಒಂದು ಕುಟುಂಬ, ಎಲ್ಲರೂ ಅವಳ ಬಾಯಿಯಿಂದ ಹೊರಡುವ ಮಾತಿಗಾಗಿ ಕಾಯುತ್ತಿರುತ್ತಾರೆ. ಅವಳು ಆ ಹೊತ್ತಿಗೆ ನಾಯಕಿಯೇ. ಅದಕ್ಕೆ ಬೇಕಾದ ತರಬೇತಿಯನ್ನು ಯಾರಾದರೂ ಕೊಟ್ಟಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

ಕೊಟ್ಟಿಲ್ಲವೆಂದು ಪೂರ್ತಿಯಾಗಿ ಹೇಳುವಂತಿಲ್ಲ. 2019ರಲ್ಲಿ ನಮ್ಮ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾಯಿತು. ಪದವಿ ಪಡೆದು ಹೊರಬರುವ ಭಾರತೀಯ ವೈದ್ಯನಲ್ಲಿ ಐದು ಪಾತ್ರಗಳನ್ನು ಆ ಪಠ್ಯಕ್ರಮ ನಿರೀಕ್ಷಿಸುತ್ತದೆ. ಆತ ಚಿಕಿತ್ಸಕನಾಗಿರಬೇಕು, ಆರೋಗ್ಯ ತಂಡದ ನಾಯಕನೂ ಸದಸ್ಯನೂ ಆಗಿರಬೇಕು, ಸಂವಹನಕಾರನಾಗಿರಬೇಕು, ಜೀವನಪೂರ್ತಿ ಕಲಿಯುವವನಾಗಿರಬೇಕು, ವೃತ್ತಿನಿಷ್ಠನಾಗಿರಬೇಕು. ಎರಡನೆಯ ಪಾತ್ರವನ್ನು ಗಮನಿಸಿ. ನಾಯಕ ಎಂದಷ್ಟೇ ಹೇಳದೆ, ಅದೇ ಉಸಿರಿನಲ್ಲಿ ಸದಸ್ಯ ಎಂದೂ ಹೇಳಲಾಗಿದೆ. ಮನೋಭಾವ, ನೀತಿ ಮತ್ತು ಸಂವಹನದ ಪಾಠಗಳೂ ಅದರಲ್ಲಿ ಸೇರಿವೆ. ಆದರೆ ವಿದ್ಯಾರ್ಥಿಗಳು ಪುಸ್ತಕದಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ರೌಂಡ್ಸ್ ವೇಳೆಯಲ್ಲಿ ಹಿರಿಯರು ನಡೆದುಕೊಳ್ಳುವ ರೀತಿಯಿಂದ ಕಲಿಯುತ್ತಾರೆ. ರೋಗಿಯ ಹಾಸಿಗೆಯ ಎದುರಿನಲ್ಲಿಯೇ ದಾದಿಯನ್ನು ಗದರುವ ಪ್ರಾಧ್ಯಾಪಕರೊಬ್ಬರು ಒಂದೇ ನಿಮಿಷದಲ್ಲಿ ಕಲಿಸುವ ಪಾಠವನ್ನು ಅಳಿಸಲು ಹತ್ತು ತರಗತಿಗಳಿಗೂ ಸಾಧ್ಯವಾಗದು.

ಮದ್ರಸದಲ್ಲಿ ಕಲಿತವನಾದುದರಿಂದ ಒಂದು ಪದದ ಬಗ್ಗೆ ಹೇಳಲು ಬಯಸುತ್ತೇನೆ. ನಮ್ಮ ಹಿರಿಯರು ವೈದ್ಯನನ್ನು ಹಕೀಮ್ ಎಂದು ಕರೆಯುತ್ತಿದ್ದರು. ಈ ಅರಬಿ ಪದಕ್ಕೆ ಜ್ಞಾನಿ ಎಂಬ ಅರ್ಥವಿದೆ. ಹಿಕ್ಮತ್ ಅಂದರೆ ವಿವೇಕ. ಹುಕುಮ್ ಅಂದರೆ ಆಜ್ಞೆ, ತೀರ್ಪು. ಹಾಕಿಮ್ ಅಂದರೆ ಆಳುವವನು. ಹುಕೂಮತ್ ಅಂದರೆ ಆಡಳಿತ. ಇವೆಲ್ಲವೂ ಒಂದೇ ಧಾತುವಿನಿಂದ ಹುಟ್ಟಿದವು. ಅದೇ ಧಾತುವಿನಿಂದ ಬಂದ ಇನ್ನೊಂದು ಪದ ಹಕಮ, ಅಂದರೆ ಕುದುರೆಯ ಬಾಯಿಗೆ ಹಾಕುವ ಕಡಿವಾಣ. ಆಳುವವನ ಮತ್ತು ವೈದ್ಯನ ಪದಗಳ ನಡುವೆ ಭಾಷೆಯು ಕಡಿವಾಣವನ್ನು ಇಟ್ಟಿರುವುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ಚಿಕಿತ್ಸೆಯ ತಪ್ಪಿನಿಂದ ಓರ್ವ ವ್ಯಕ್ತಿ ಮೃತಪಟ್ಟಾಗ, ನಗರದ ವೈದ್ಯರೆಲ್ಲರನ್ನೂ ಪರೀಕ್ಷೆಗೊಳಪಡಿಸಿ ಅರ್ಹರಿಗೆ ಮಾತ್ರ ಅನುಮತಿ ನೀಡುವಂತೆ ಖಲೀಫ ಅಲ್ ಮುಕ್ತದಿರ್ ಆದೇಶಿಸಿದರೆಂದೂ ಆ ಹೊಣೆಯನ್ನು ಸಿನಾನ್ ಇಬ್ನ್ ಸಾಬಿತ್ ಎಂಬ ವೈದ್ಯರಿಗೆ ವಹಿಸಿದರೆಂದೂ ಇತಿಹಾಸ ಗ್ರಂಥಗಳು ದಾಖಲಿಸುತ್ತವೆ. ಪರೀಕ್ಷೆಗೊಳಗಾಗಲು ಸಿದ್ಧನಿರುವವನೇ ಹಕೀಮ್. ಗತವೈಭವದ ಕಥೆಗಳನ್ನು ಹೇಳಿ ಚಪ್ಪಾಳೆ ಗಿಟ್ಟಿಸುವ ಅಭ್ಯಾಸ ನಮ್ಮ ಸಮುದಾಯದಲ್ಲಿ ಬೇಕಾದಷ್ಟಿದೆ. ಆ ಚಪ್ಪಾಳೆಗಾಗಿ ಇದನ್ನು ಹೇಳಲಿಲ್ಲ.

ಈ ಕಾಲದ ಪರೀಕ್ಷೆಯೊಂದನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗಾಗಿ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮುನ್ನ, ಚರ್ಮ ಕತ್ತರಿಸುವ ಮುನ್ನ, ರೋಗಿಯನ್ನು ಕೊಠಡಿಯಿಂದ ಹೊರಗೆ ಕಳುಹಿಸುವ ಮುನ್ನ, ಹೀಗೆ ಮೂರು ಬಾರಿ ನಿಂತು ಕೆಲವು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಬೇಕು. ಇವರು ಯಾರು, ಯಾವ ಭಾಗದ ಶಸ್ತ್ರಚಿಕಿತ್ಸೆ, ಯಾವ ಔಷಧ ಒಗ್ಗುವುದಿಲ್ಲ, ಹತ್ತಿ ಮತ್ತು ಉಪಕರಣಗಳ ಲೆಕ್ಕ ಸರಿಯಿದೆಯೇ ಎಂಬಂಥ ಸಾಮಾನ್ಯ ಪ್ರಶ್ನೆಗಳು. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಮರಣ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೊಸ ಔಷಧವಿರಲಿಲ್ಲ, ಹೊಸ ಯಂತ್ರವೂ ಇರಲಿಲ್ಲ. ಆ ಪಟ್ಟಿಯಲ್ಲಿ ಒಂದು ಸಾಲಿದೆ: ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿ ಪರಿಚಯಿಸಿಕೊಳ್ಳಬೇಕು. ಇದೇನು ಬಾಲಿಶ ಎಂದು ಅನೇಕ ಶಸ್ತ್ರಚಿಕಿತ್ಸಕರು ನಕ್ಕರು. ಆದರೆ ಒಮ್ಮೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದ ದಾದಿಗೆ, ಅರ್ಧ ಗಂಟೆಯ ಬಳಿಕ "ಡಾಕ್ಟ್ರೇ, ಒಂದು ಹತ್ತಿ ಲೆಕ್ಕಕ್ಕೆ ಸಿಗುತ್ತಿಲ್ಲ" ಎಂದು ಹೇಳುವುದು ಸುಲಭವಾಗುತ್ತದೆ. ಮಾತನಾಡಲು ಧೈರ್ಯವಿಲ್ಲದ ದಾದಿಯಿರುವ ಕೊಠಡಿಯಲ್ಲಿ ಎಷ್ಟೇ ನುರಿತ ಕೈಯಿದ್ದರೂ ರೋಗಿಯು ಸುರಕ್ಷಿತನಲ್ಲ. ತನ್ನ ಕೆಳಗಿನವರು ತನ್ನನ್ನು ತಡೆಯಬಹುದು ಎಂಬ ಭರವಸೆಯನ್ನು ಅವರಲ್ಲಿ ಹುಟ್ಟಿಸುವುದು ನಾಯಕತ್ವದ ಮೊದಲ ಕೌಶಲವೆಂದು ನಾನು ತಿಳಿಯುತ್ತೇನೆ. "ಡಾಕ್ಟರ್ ಸಾಹೇಬರಿಗೆ ಹೇಳುವುದು ಹೇಗೆ" ಎಂಬ ನಮ್ಮ ಊರಿನ ಸಂಕೋಚದ ಹಿಂದೆ ಗೌರವ ಎಷ್ಟಿದೆ, ಭಯ ಎಷ್ಟಿದೆ ಎಂಬುದನ್ನು ನೀವೇ ಅಳೆದು ನೋಡಬೇಕು.

ಇನ್ನು ನಮ್ಮ ಜಿಲ್ಲೆಯ ವಿಷಯಕ್ಕೆ ಬರೋಣ. ವೈದ್ಯಕೀಯ ಇತಿಹಾಸದಲ್ಲಿ ಶಿವಮೊಗ್ಗ ಜಿಲ್ಲೆಗೆ ತನ್ನದೇ ಆದ ಒಂದು ಅಧ್ಯಾಯವಿದೆ, ದುರದೃಷ್ಟವಶಾತ್ ಅದು ಒಂದು ರೋಗದ ಹೆಸರಿನಲ್ಲಿ. 1957ರಲ್ಲಿ ಸೊರಬ, ಸಾಗರ ಭಾಗದ ಹಳ್ಳಿಗಳಲ್ಲಿ ಜನರು ತೀವ್ರ ಜ್ವರದಿಂದ ನರಳುತ್ತಿದ್ದರು. ಅದೇ ವೇಳೆಗೆ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಡಾ. ಟೆಲ್‌ಫರ್ಡ್ ವರ್ಕ್ ಮತ್ತವರ ತಂಡ ಇಲ್ಲಿಗೆ ಧಾವಿಸಿತು. ಮಂಗಗಳ ಸಾವನ್ನು ಕೇಳಿದಾಗ ಮೊದಲು ಹುಟ್ಟಿದ ಆತಂಕ, ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬುದಾಗಿತ್ತು. ಪರೀಕ್ಷೆಯ ಬಳಿಕ ಅದು ಉಣ್ಣೆಗಳಿಂದ ಹರಡುವ, ರಷ್ಯಾದ ಮಿದುಳು ಜ್ವರದ ವೈರಸ್ಸಿಗೆ ಸಂಬಂಧವಿರುವ ಹೊಸದೊಂದು ವೈರಸ್ ಎಂದು ತಿಳಿಯಿತು. ಜಗತ್ತು ಅದನ್ನು ಕ್ಯಾಸನೂರು ಅರಣ್ಯ ರೋಗ ಎಂದು ಕರೆಯಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಜನರ ಈ ಹೆಸರಿನಲ್ಲಿಯೇ ಒಂದು ಪಾಠವಿದೆ. ಮನುಷ್ಯರ ಜ್ವರಕ್ಕೂ ಮಂಗಗಳ ಸಾವಿಗೂ ನಂಟಿದೆ ಎಂಬುದು ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗುವವರ ಕಣ್ಣಿಗೆ ಬೀಳುವ ಸಂಗತಿ. ಜ್ವರದ ರೋಗಿಗೆ ಮಾತ್ರೆ ಬರೆದು ಕಳುಹಿಸುವ ವೈದ್ಯನಿಗೂ, "ನಿಮ್ಮ ಕಾಡಿನಲ್ಲಿ ಮಂಗ ಸತ್ತಿದೆಯೇ?" ಎಂದು ಕೇಳುವ ವೈದ್ಯನಿಗೂ ಇರುವ ಅಂತರವನ್ನು ಯೋಚಿಸಿ. ಎರಡನೆಯವನು ಒಬ್ಬ ರೋಗಿಯ ಜೊತೆಗೆ ಇಡೀ ಊರನ್ನು ಪರೀಕ್ಷಿಸುತ್ತಿದ್ದಾನೆ.

ಆ ಅಧ್ಯಾಯ ಮುಗಿದಿಲ್ಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಪರಿಸರದಲ್ಲಿ ಅದು ಸಾವುನೋವುಗಳನ್ನು ತಂದಿತು. ಹಲವು ವರ್ಷ ಕೊಡುತ್ತಿದ್ದ ಲಸಿಕೆ ನೋವು ತರುವಂಥದ್ದಾಗಿತ್ತು, ಎರಡು ಡೋಸುಗಳ ಬಳಿಕವೂ ಬೂಸ್ಟರ್ ಬೇಕಿತ್ತು, ಜನ ಹಿಂಜರಿಯುತ್ತಿದ್ದರು. ಅದರ ಪರಿಣಾಮ ಕುಗ್ಗಿದೆ ಎಂಬುದು ಅಧ್ಯಯನಗಳಲ್ಲಿ ಕಂಡಿತ್ತು. ಕೊನೆಗೆ 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಹೊಸ ಲಸಿಕೆ ಬರುವವರೆಗೆ ಕೈಯಲ್ಲಿರುವುದು ಮೈಗೆ ಹಚ್ಚುವ ಡೆಪಾ ತೈಲ, ಮುನ್ನೆಚ್ಚರಿಕೆ, ಬೇಗ ರೋಗ ಪತ್ತೆ ಮತ್ತು ಆರೈಕೆ. ಇಂಥ ಸನ್ನಿವೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ನಾಯಕತ್ವ ಎಂದರೇನು? ಅರಣ್ಯ ಇಲಾಖೆಯವರನ್ನೂ ಪಶುವೈದ್ಯರನ್ನೂ ಪಂಚಾಯತ್ ಸದಸ್ಯರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು. ಮನೆ ಮನೆಗೆ ತೈಲ ಒಯ್ಯುವ ಆಶಾ ಕಾರ್ಯಕರ್ತೆಯ ಮಾತನ್ನು ಕೇಳುವುದು. "ಈ ಲಸಿಕೆ ನಿರೀಕ್ಷಿಸಿದಷ್ಟು ಕೆಲಸ ಮಾಡುತ್ತಿಲ್ಲ" ಎಂದು ಮೇಲಿನವರಿಗೆ ಬರೆಯುವುದು, ಉತ್ತರ ಬಾರದಿದ್ದರೆ ಮತ್ತೆ ಬರೆಯುವುದು. ಸರ್ಕಾರಿ ಕಚೇರಿಯಲ್ಲಿ ಕಾಗದಕ್ಕೆ ಇರುವ ಬೆಲೆಯನ್ನು ವೈದ್ಯರು ಕಡೆಗಣಿಸುತ್ತಾರೆ. ಒಳ್ಳೆಯ ವರದಿಯನ್ನು ಬರೆಯಬಲ್ಲ ವೈದ್ಯ, ಒಳ್ಳೆಯ ಭಾಷಣ ಮಾಡಬಲ್ಲ ವೈದ್ಯನಿಗಿಂತ ಹೆಚ್ಚು ಜೀವಗಳನ್ನು ಉಳಿಸಬಲ್ಲ.

ಈಗ ನಮ್ಮ ಸಮುದಾಯಕ್ಕೆ ಸಂಬಂಧಿಸಿದ, ಕೆಲವರಿಗೆ ಕಹಿಯಾಗಬಹುದಾದ ಮಾತು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾಯಿತು. ಅದರೊಂದಿಗೆ ವಾಟ್ಸ್‌ಆಪ್‌ನಲ್ಲಿ ವದಂತಿಗಳೂ ಆರಂಭವಾದವು. ಮಕ್ಕಳಾಗದಂತೆ ಮಾಡುವ ಸಂಚು ಎಂಬ ಹಳೆಯ ಸುಳ್ಳಿಗೆ ಹೊಸ ಅಂಗಿ ತೊಡಿಸಲಾಯಿತು. ಪೋಲಿಯೋ ಹನಿಯ ಕಾಲದಲ್ಲಿ ಉತ್ತರ ಭಾರತದಲ್ಲಿ ಓಡಾಡಿದ ಅದೇ ಸುಳ್ಳು ಇದು. ಆ ಸುಳ್ಳಿಗೆ ಬೆಲೆ ತೆತ್ತವರು ನಮ್ಮದೇ ಮಕ್ಕಳು. ಕೊನೆಗೆ ಉಲಮಾಗಳು, ಶಿಕ್ಷಕರು, ಬಡಾವಣೆಯ ಮಹಿಳೆಯರು ಮುಂದೆ ಬಂದು ಮನೆಬಾಗಿಲಲ್ಲಿ ಮಾತನಾಡಿದ ಬಳಿಕ ಗೋಡೆ ಕರಗಿತು. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ವರದಿಯಾಯಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತವೆಂದು ಪ್ರಮಾಣೀಕರಿಸಲಾಯಿತು.

ವದಂತಿ ಹಬ್ಬಿದಾಗ ಸಮುದಾಯದ ವೈದ್ಯರಲ್ಲಿ ಎರಡು ಬಗೆಯವರು ಕಾಣಸಿಗುತ್ತಾರೆ. ಒಬ್ಬರು ಮೌನವಾಗಿರುವವರು, ಯಾಕೆ ಊರಿನ ಉಸಾಬರಿ ಎಂದುಕೊಳ್ಳುವವರು. ಇನ್ನೊಬ್ಬರು ಲೇವಡಿ ಮಾಡುವವರು. "ನಿಮ್ಮಂಥ ಅನಕ್ಷರಸ್ಥರಿಗೆ ಎಷ್ಟು ಹೇಳಿದರೂ ಅಷ್ಟೇ" ಎಂದು ತಾಯಿಯೊಬ್ಬಳಿಗೆ ಹೇಳಿದರೆ ಅವಳು ತಲೆತಗ್ಗಿಸಿ ಹೊರಗೆ ಹೋಗುತ್ತಾಳೆ. ಮಗುವಿಗೆ ಲಸಿಕೆ ಹಾಕಿಸುವುದಿಲ್ಲ. ಅವಳ ಭಯಕ್ಕೆ ಒಂದು ಇತಿಹಾಸವಿದೆ. 1975-77ರ ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣದ ನೆನಪು ಬಡವರ ಮನೆಗಳಿಂದ ಇನ್ನೂ ಅಳಿದಿಲ್ಲ. "ಹೌದಮ್ಮಾ, ನೀವು ಕೇಳಿದ್ದು ಸರಿ. ಈ ಚುಚ್ಚುಮದ್ದಿನಲ್ಲಿ ಏನಿದೆ ಎಂದು ಹೇಳುತ್ತೇನೆ, ಕೂತುಕೊಳ್ಳಿ. ನನ್ನ ಮಗಳಿಗೂ ಇದನ್ನೇ ಹಾಕಿಸಿದ್ದೇನೆ" ಎನ್ನಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದಲ್ಲಿ ಒಂದು ಬಡಾವಣೆಯ ನಂಬಿಕೆ ಅಡಗಿದೆ. ಮಸೀದಿಯ ಖತೀಬರಿಗೂ ನನ್ನ ವಿನಂತಿಯಿದೆ. ಔಷಧದ ವಿಷಯವನ್ನು ಮಿಂಬರಿನ ಮೇಲೆ ಎತ್ತುವ ಮುನ್ನ ಊರಿನ ಒಬ್ಬ ವೈದ್ಯರನ್ನು ಕೇಳಿ. ವೈದ್ಯರಿಗೂ ಹೇಳುತ್ತೇನೆ: ಖತೀಬರು ಕೇಳಲು ಬರಲಿ ಎಂದು ಕಾಯಬೇಡಿ, ನೀವೇ ಹೋಗಿ. ರಮಝಾನ್‌ಗೆ ಒಂದು ತಿಂಗಳ ಮೊದಲೇ ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆ, ಇನ್ಸುಲಿನ್ ಪ್ರಮಾಣದ ಬಗ್ಗೆ ವೈದ್ಯರನ್ನು ಕಾಣಬೇಕೆಂಬ ಒಂದು ಮಾತು ಶಾಬಾನ್ ತಿಂಗಳ ಖುತ್ಬಾದಲ್ಲಿ ಬಂದರೆ, ಎಷ್ಟು ಮಂದಿ ಉಪವಾಸದ ಮಧ್ಯಾಹ್ನ ಕುಸಿದು ಬೀಳುವುದು ತಪ್ಪೀತು!

2020ರ ಬೇಸಿಗೆಯಲ್ಲಿ ಟಿ.ವಿ. ವಾಹಿನಿಗಳು ಒಂದು ವೈರಸ್ಸಿಗೆ ಧರ್ಮದ ಹೆಸರಿಟ್ಟದ್ದು ನಿಮಗೆ ನೆನಪಿದೆ. ಆ ವರ್ಷ ಮೇ ತಿಂಗಳಿನಲ್ಲಿ ನಮ್ಮ ಜಿಲ್ಲೆಯ ಮೊದಲ ಪ್ರಕರಣಗಳು ಅಹಮದಾಬಾದಿನಿಂದ ಮರಳಿದವರಲ್ಲಿ ಪತ್ತೆಯಾದಾಗ ಊರಿನಲ್ಲಿ ಪಿಸುಮಾತು ಎದ್ದದ್ದೂ ನೆನಪಿದೆ. ರೋಗವು ಅಪರಾಧವಲ್ಲ, ಬಚ್ಚಿಡುವುದೂ ಬೇಡ, ಬೆರಳು ತೋರಿಸುವುದೂ ಬೇಡ ಎಂದು ಎರಡೂ ಕಡೆಯವರಿಗೆ ಏಕಕಾಲದಲ್ಲಿ ಹೇಳಬಲ್ಲ ಅಧಿಕಾರ ಆ ದಿನಗಳಲ್ಲಿ ಇದ್ದದ್ದು ವೈದ್ಯರಿಗೆ ಮಾತ್ರ. ರಾಜಕಾರಣಿಯ ಮಾತನ್ನು ಒಂದು ಪಕ್ಷ ನಂಬುತ್ತದೆ, ಮೌಲವಿಯ ಮಾತನ್ನು ಒಂದು ಸಮುದಾಯ ನಂಬುತ್ತದೆ. ವೈದ್ಯನ ಮಾತನ್ನು ರೋಗಿ ನಂಬುತ್ತಾನೆ, ಮತ್ತು ರೋಗಿಗೆ ಜಾತಿ ಮತಗಳಿಲ್ಲ. 2022ರ ಫೆಬ್ರವರಿಯಂಥ ಉದ್ವಿಗ್ನ ದಿನಗಳನ್ನು ಕಂಡಿರುವ ಈ ನಗರದಲ್ಲಿ ಎಲ್ಲ ಸಮುದಾಯದವರೂ ಒಂದೇ ಬೆಂಚಿನ ಮೇಲೆ ಕುಳಿತು ಸರದಿಗಾಗಿ ಕಾಯುವ ಜಾಗಗಳು ಹೆಚ್ಚೇನೂ ಉಳಿದಿಲ್ಲ. ಮೆಗ್ಗಾನ್ ಆಸ್ಪತ್ರೆಯ ಹೊರರೋಗಿ ವಿಭಾಗ ಅಂಥ ಜಾಗಗಳಲ್ಲೊಂದು.

ಭದ್ರಾವತಿಯ ಬಗ್ಗೆ ಹೇಳದಿದ್ದರೆ ಅಲ್ಲಿಂದ ಬಂದ ಮಿತ್ರರು ನನ್ನನ್ನು ಕ್ಷಮಿಸಲಾರರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಂದಿನಿಂದ ಅದು ಕಾರ್ಮಿಕರ ಊರು. ತಮಿಳು, ತೆಲುಗು, ಉರ್ದು, ಮಲೆಯಾಳ, ಕನ್ನಡ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಸುವ ಊರು. ಕಾಗದದ ಕಾರ್ಖಾನೆ ಕೆಲವು ವರ್ಷಗಳ ಹಿಂದೆಯೇ ಮೌನವಾಯಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಸಾರ್ವಜನಿಕ ಉದ್ದಿಮೆಗಳ ಬಗ್ಗೆ ದೆಹಲಿಯಲ್ಲಿ ಕುಳಿತವರ ಧೋರಣೆಯನ್ನು ಚರ್ಚಿಸಲು ಬೇರೆ ಸಭೆ ಬೇಕು. ಆದರೆ ಅದರ ಪರಿಣಾಮ ನಿಮ್ಮ ಕ್ಲಿನಿಕ್ಕಿಗೆ ಬರುತ್ತದೆ. ರಕ್ತದೊತ್ತಡ ಹತೋಟಿಗೆ ಬಾರದ ಐವತ್ತರ ಮನುಷ್ಯನಿಗೆ ಮಾತ್ರೆಯ ಪ್ರಮಾಣ ಹೆಚ್ಚಿಸುವ ಮುನ್ನ, ಆತ ಮಾತ್ರೆ ಕೊಳ್ಳುತ್ತಿದ್ದಾನೆಯೇ ಎಂದು ಕೇಳಬೇಕಾಗುತ್ತದೆ. ಇಟಲಿಯ ರಮಝೀನಿ ಎಂಬ ವೈದ್ಯರು 1700ರಲ್ಲಿ ಕಸಬುದಾರರ ರೋಗಗಳ ಬಗ್ಗೆ ಗ್ರಂಥ ಬರೆದು, ರೋಗಿಗೆ ಕೇಳುವ ಪ್ರಶ್ನೆಗಳ ಜೊತೆಗೆ "ನೀವು ಏನು ಕೆಲಸ ಮಾಡುತ್ತೀರಿ?" ಎಂಬುದನ್ನೂ ಸೇರಿಸಬೇಕೆಂದು ಒತ್ತಾಯಿಸಿದರು. ಭದ್ರಾವತಿಯ ವೈದ್ಯನು ಇನ್ನೊಂದನ್ನು ಸೇರಿಸಬೇಕು: "ಈಗಲೂ ಆ ಕೆಲಸ ಇದೆಯೇ?" ಕುಲುಮೆಯ ಬಿಸಿಗೆ, ಧೂಳಿಗೆ ಮೈಯೊಡ್ಡಿದವರ ಕೆಮ್ಮನ್ನು ವರ್ಷಾನುಗಟ್ಟಲೆ ಕೇಳುವ ವೈದ್ಯರು ಅದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ, ಅದು ಕಾರ್ಮಿಕ ಸಂಘಕ್ಕೂ ಜಿಲ್ಲಾಡಳಿತಕ್ಕೂ ಯಾವ ಘೋಷಣೆಯೂ ನೀಡಲಾರದ ಬಲವನ್ನು ನೀಡೀತು.

ಸಂಘಟಿತ ನಾಯಕತ್ವದ ಬಗ್ಗೆಯೂ ಒಂದೆರಡು ಮಾತು. 2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಅವರ ಆತಂಕಗಳಲ್ಲಿ ಕೆಲವು ನ್ಯಾಯಯುತವೇ ಆಗಿದ್ದವು. ಆದರೆ ಬಾಗಿಲು ಮುಚ್ಚಿದ ಆಸ್ಪತ್ರೆಯ ಮುಂದೆ ನಿಂತ ರೋಗಿಗೆ ಅದನ್ನು ವಿವರಿಸುವವರು ಯಾರೂ ಇರಲಿಲ್ಲ. ಉಚ್ಚ ನ್ಯಾಯಾಲಯ ಮಧ್ಯೆ ಪ್ರವೇಶಿಸಬೇಕಾಯಿತು. ಒಗ್ಗಟ್ಟು ವೈದ್ಯರಿಗಿದೆ ಎಂಬುದು ಆಗ ಸಾಬೀತಾಯಿತು. ಅಷ್ಟೇ ಒಗ್ಗಟ್ಟು ರೋಗಿಗಳ ಹಕ್ಕಿಗಾಗಿ ಯಾವಾಗ ಪ್ರದರ್ಶನಗೊಳ್ಳುವುದು ಎಂದು ಸಾಲಿನಲ್ಲಿ ನಿಂತವರು ಕೇಳಿದರೆ ಬೇಸರಿಸಬೇಡಿ. ಇನ್ನೊಂದೆಡೆ ಡಾ. ಎಚ್. ಸುದರ್ಶನ್ ಅವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಚಿಕಿತ್ಸೆ ಆರಂಭಿಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಬಳಿಕ ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾದರು, ಲೋಕಾಯುಕ್ತದಲ್ಲಿ ಆರೋಗ್ಯ ಇಲಾಖೆಯ ಭ್ರಷ್ಟಾಚಾರದ ಬೆನ್ನಟ್ಟಿದರು. ಕಾಡಿನ ಗುಡಿಸಲಿನಿಂದ ಕಚೇರಿಯ ಕಡತದವರೆಗೆ ಅದು ಒಂದೇ ದಾರಿ. ಹಕೀಮ್ ಅಜ್ಮಲ್ ಖಾನ್ ವೈದ್ಯರನ್ನೂ ಹಕೀಮರನ್ನೂ ಒಂದೇ ವೇದಿಕೆಗೆ ತಂದು, ಆಯುರ್ವೇದ ಮತ್ತು ಯುನಾನಿ ಎರಡನ್ನೂ ಕಲಿಸುವ ಕಾಲೇಜನ್ನು ದೆಹಲಿಯಲ್ಲಿ ಕಟ್ಟಿದರು; 1921ರಲ್ಲಿ ಗಾಂಧೀಜಿ ಅದನ್ನು ಉದ್ಘಾಟಿಸಿದರು. ಬಾಲ್ಕನ್ ಯುದ್ಧದ ಗಾಯಾಳುಗಳಿಗಾಗಿ 1912ರಲ್ಲಿ ತುರ್ಕಿಗೆ ವೈದ್ಯಕೀಯ ತಂಡವನ್ನು ಒಯ್ದ ಡಾ. ಎಂ.ಎ. ಅನ್ಸಾರಿ ಮತ್ತು ಅಜ್ಮಲ್ ಖಾನ್ ಇಬ್ಬರೂ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಗೇರಿದರು. ನಾಡಿ ಹಿಡಿದ ಕೈಯೆಂಬ ಕಾರಣಕ್ಕೆ ಜನ ಅವರ ಕೈ ಹಿಡಿದರು.

ಕೊನೆಯದಾಗಿ, ಕಲಿಯುವುದು ಹೇಗೆ ಎಂದು ಕೇಳಿದಿರಲ್ಲ. ಕೆಟ್ಟ ಸುದ್ದಿಯನ್ನು ಹೇಳುವುದನ್ನು ಅಭ್ಯಾಸ ಮಾಡಿ. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ರಾಜ್ಯದಲ್ಲಿ 2009ರಿಂದ ಕಾನೂನಿದೆ. ಹಲ್ಲೆ ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ. ಆದರೆ ಐಸಿಯು ಬಾಗಿಲಿನಾಚೆ ಹತ್ತು ಗಂಟೆ ಯಾವ ಮಾಹಿತಿಯೂ ಇಲ್ಲದೆ ಕುಳಿತ ಕುಟುಂಬಕ್ಕೆ ಮೂರು ಗಂಟೆಗೊಮ್ಮೆ ಹೊರಬಂದು ನಾಲ್ಕು ಮಾತು ಹೇಳುವ ವೈದ್ಯ, ಪೊಲೀಸ್ ಕಾವಲಿಗಿಂತ ಹೆಚ್ಚಿನ ರಕ್ಷಣೆಯನ್ನು ಇಡೀ ತಂಡಕ್ಕೆ ಒದಗಿಸುತ್ತಾನೆ. ಸಾವು ಸಂಭವಿಸಿದಾಗ ಯಾರದು ತಪ್ಪು ಎಂದು ಹುಡುಕುವ ಮೊದಲು ಏನು ತಪ್ಪಿತು ಎಂದು ಕೂತು ಚರ್ಚಿಸಿ, ಆ ಸಭೆಗೆ ದಾದಿಯರನ್ನೂ ಕರೆಯಿರಿ. "ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎಂಬ ವಾಕ್ಯವನ್ನು ಹಿರಿಯರು ಕಿರಿಯರ ಎದುರಿನಲ್ಲಿ ಹೇಳಲಿ. ನಮ್ಮ ಮನೆಗಳ ಹೆಣ್ಣುಮಕ್ಕಳು ವೈದ್ಯರಾಗುತ್ತಿರುವುದು ಸಂತಸದ ಸಂಗತಿ. ಮದುವೆಯ ಬಳಿಕ ಅವರ ಪದವಿ ಪತ್ರ ಗೋಡೆಗೆ ಸೇರುವುದನ್ನು ತಡೆಯಬೇಕಾದ ಹೊಣೆ ಅವರದ್ದಲ್ಲ, ಈ ಸಭೆಯಲ್ಲಿ ಕುಳಿತಿರುವ ತಂದೆಯರದ್ದು ಮತ್ತು ಗಂಡಂದಿರದ್ದು.

ಒಂದು ಪ್ರಸ್ತಾಪವಿದೆ. 2007ರಲ್ಲಿ ಶಿವಮೊಗ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಭದ್ರಾವತಿ ಇಲ್ಲಿಂದ ಅರ್ಧ ಗಂಟೆಯ ದಾರಿ. ತಿಂಗಳಿಗೆ ಒಂದು ಭಾನುವಾರ ಇಲ್ಲಿನ ಕಿರಿಯ ವೈದ್ಯರು ಐದಾರು ಮಂದಿ ಅಲ್ಲಿನ ಕಾರ್ಮಿಕ ಬಡಾವಣೆಗೆ ಹೋಗಿ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದವರ ಒಂದು ವಹಿಯನ್ನು ಆರಂಭಿಸಲಿ. ಮಸೀದಿಯ ಅಂಗಳ, ದೇವಸ್ಥಾನದ ಜಗಲಿ, ಚರ್ಚಿನ ಕೊಠಡಿ ಎಲ್ಲಿ ಜಾಗ ಸಿಕ್ಕರೂ ಆದೀತು. ಆ ತಂಡವನ್ನು ಪ್ರತಿ ತಿಂಗಳು ಬೇರೆ ಬೇರೆಯವರು ಮುನ್ನಡೆಸಲಿ, ಒಂದು ತಿಂಗಳು ಆಶಾ ಕಾರ್ಯಕರ್ತೆಯೇ ಮುನ್ನಡೆಸಲಿ, ವೈದ್ಯರು ಅವರು ಹೇಳಿದ ಮನೆಗೆ ಹೋಗಲಿ.

ನನ್ನ ಸಮಯ ಮುಗಿದಿದೆ. ಪ್ರಶ್ನೆಗಳಿಗಾಗಿ ಅರ್ಧ ಗಂಟೆ ಇದೆಯೆಂದು ಅಧ್ಯಕ್ಷರು ಹೇಳಿದ್ದಾರೆ. ಮುಂದಿನ ಸಾಲಿನ ಹಿರಿಯರ ಅನುಮತಿ ಕೋರಿ, ಹಿಂದಿನ ಸಾಲಿನಲ್ಲಿರುವ ನರ್ಸಿಂಗ್ ವಿದ್ಯಾರ್ಥಿನಿಯರು ಮೊದಲು ಕೇಳಲಿ ಎಂದು ವಿನಂತಿಸುತ್ತೇನೆ.